ನೆತ್ತರು ನುಡಿದ ಪ್ರಮಾಣ



ಈ ತಿಂಗಳ ಬರಹವನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. 2009ನೆಯ ಇಸವಿಯ ಶ್ರಾವಣಮಾಸ. ಆಗ ನಾವು ಉಚಿತ ಪ್ರಸಾದನಿಲಯವೊಂದರ ಮಕ್ಕಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ಅಲ್ಲಿ ಒಂಬತ್ತನೆಯ ತರಗತಿಯ ಬಾಲಕನೊಬ್ಬನಿದ್ದನು. ತಂದೆಯಿಲ್ಲದ ಮಗು, ತಾಯಿ ಕೂಲಿನಾಲಿ ಮಾಡಿ ಬದುಕುತ್ತಿದ್ದಳು. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗದ ಬಾಧೆಯಿದ್ದು, ಫೆನಿಟಾಯಿನ್ ಎಂಬ ಮಾತ್ರೆಯನ್ನು ದಿನಕ್ಕೆ 200 ಮಿಲಿಗ್ರಾಂ ಪ್ರಮಾಣದಲ್ಲಿ ಸೇವಿಸುತ್ತಿದ್ದನು. ಆಷಾಢದಲ್ಲಿ ಎರಡು ಬಾರಿ ಮೂರ್ಛೆ ಬಂದುದರಿಂದ ವೈದ್ಯರು ಅದನ್ನು 300 ಮಿಲಿಗ್ರಾಂಗೆ ಏರಿಸಿದ್ದರು.

ಮೂರು ವಾರ ಕಳೆಯುವಷ್ಟರಲ್ಲಿ ಹುಡುಗನ ರೀತಿಯೇ ಬದಲಾಯಿತು. ಮುಂಜಾವಿನ ಪ್ರಾರ್ಥನೆಯಲ್ಲಿ ತೂಕಡಿಸುವನು. ನಡೆದರೆ ಕಾಲು ಅತ್ತಿತ್ತ ಹೋಗುವುದು. ಒಂದು ದಿನ ಪಂಕ್ತಿಯಲ್ಲಿ ಬಡಿಸುವಾಗ ಸಾರಿನ ಪಾತ್ರೆಯನ್ನೇ ಕೈಬಿಟ್ಟನು. ಮಾತು ತೊದಲುತ್ತಿತ್ತು. ಇವನು ಸಂಜೆಯ ವೇಳೆ ಹೊರಗಿನ ಅಂಗಡಿಗೆ ಹೋಗಿ ಬರುತ್ತಾನೆ ಎಂದು ಯಾರೋ ನಮ್ಮ ಕಿವಿಗೆ ಹಾಕಿದರು. ನಾವು ವಿಚಾರ ಮಾಡಲಿಲ್ಲ. ಎಲ್ಲ ಮಕ್ಕಳ ಎದುರಿಗೆ ಅವನನ್ನು ನಿಲ್ಲಿಸಿ, ಮಠದ ಅನ್ನ ಉಂಡು ಕುಡಿಯುವುದನ್ನು ಕಲಿತೆಯಾ ಎಂದು ಗದರಿಸಿದೆವು. ತಾಯಿಗೆ ಹೇಳಿಕಳುಹಿಸಿ, ಮಗನನ್ನು ಕರೆದೊಯ್ಯಬೇಕೆಂದು ತಿಳಿಸಿದೆವು. ಹುಡುಗ ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಬಂದ ಆ ತಾಯಿ ಮಗನನ್ನು ಬೈಯಲಿಲ್ಲ, ನಮ್ಮೊಡನೆ ವಾದಿಸಲೂ ಇಲ್ಲ. ಮಗನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, “ಬುದ್ಧೀ, ಇವನ ಕಣ್ಣು ನೋಡಿರಿ” ಎಂದಳು. ನೋಡಿದೆವು. ಹುಡುಗ ಪಕ್ಕಕ್ಕೆ ದೃಷ್ಟಿ ಹಾಯಿಸಿದಾಗ ಕಣ್ಣುಗುಡ್ಡೆಗಳು ಅದುರುತ್ತಿದ್ದವು. ಅಂದೇ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಅವನನ್ನು ಕರೆದೊಯ್ದೆವು. ಅಲ್ಲಿಯ ವೈದ್ಯರು ಬೆರಳನ್ನು ಅವನ ಮುಂದೆ ಆಡಿಸಿ ನೋಡಿ, ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಅಳೆಯಿಸಬೇಕು ಎಂದರು. ಮರುದಿನ ಬಂದ ವರದಿಯಲ್ಲಿ ಒಂದೇ ಒಂದು ಅಂಕಿಯಿತ್ತು: ಪ್ಲಾಸ್ಮಾದ ಪ್ರತಿ ಮಿಲಿಲೀಟರಿಗೆ 34 ಮೈಕ್ರೊಗ್ರಾಂ. ಈ ಔಷಧಕ್ಕೆ ಸಾಮಾನ್ಯವಾಗಿ ಹಿತವಾದ ಮಟ್ಟ 10ರಿಂದ 20. ಹುಡುಗ ಕುಡಿದಿರಲಿಲ್ಲ. ಕೊಟ್ಟ ಮದ್ದೇ ಅವನ ಮೈಯಲ್ಲಿ ತುಂಬಿ ತುಳುಕಿತ್ತು.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಓದಿದವರು. ‘ಪ್ರಮಾಣ’ ಎಂಬ ಶಬ್ದಕ್ಕೆ ಅಳತೆ ಎಂಬ ಅರ್ಥವೂ ಉಂಟು, ಯಥಾರ್ಥಜ್ಞಾನಕ್ಕೆ ಸಾಧನ ಎಂಬ ಅರ್ಥವೂ ಉಂಟು ಎಂದು ಮಕ್ಕಳಿಗೆ ನೂರು ಸಲ ಪಾಠ ಹೇಳಿದವರು. ಕುಡಿದವನು ತೂರಾಡುತ್ತಾನೆ, ಇವನು ತೂರಾಡುತ್ತಿದ್ದಾನೆ, ಆದಕಾರಣ ಇವನು ಕುಡಿದಿದ್ದಾನೆ ಎಂಬ ಅನುಮಾನ ತರ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಒಪ್ಪದ ದುಷ್ಟಹೇತು. ತೂರಾಟಕ್ಕೆ ಕಾರಣ ಹಲವು. ಇದನ್ನೇ ಶಾಸ್ತ್ರವು ಅನೈಕಾಂತಿಕ ಎಂದು ಕರೆಯುತ್ತದೆ. ಗ್ರಂಥದಲ್ಲಿ ತಿಳಿದಿದ್ದ ಈ ಮಾತು ನಡೆಯಲ್ಲಿ ನಮಗೆ ಒದಗಲಿಲ್ಲ. ಆ ಮಗುವಿನ ಪರವಾಗಿ ಪ್ರಮಾಣ ನುಡಿದದ್ದು ಅವನ ನೆತ್ತರು. ಆ ನುಡಿಯನ್ನು ಕೇಳಿಸಿದ್ದು ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಎಂಬ ಯಂತ್ರವಿದ್ಯೆ. ಕನ್ನಡದಲ್ಲಿ ಇದನ್ನು ದ್ರವ ವರ್ಣಲೇಖನ ಎನ್ನಬಹುದು. ಅಂದಿನಿಂದ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲ ಪ್ರಶ್ನೆ: ನುಂಗಿದ ಮದ್ದನ್ನು ರಕ್ತದಲ್ಲಿ ಮತ್ತೆ ಅಳೆಯುವುದೇತಕ್ಕೆ? ಮಾತ್ರೆಯ ಮೇಲೆಯೇ ತೂಕ ಬರೆದಿದೆಯಲ್ಲವೇ? ಬರೆದಿರುವುದು ಬಾಯಿಗೆ ಹಾಕಿದ ತೂಕ. ಕರುಳು ಎಷ್ಟನ್ನು ಹೀರಿತು, ಯಕೃತ್ತು ಎಷ್ಟನ್ನು ಕಳೆಯಿತು, ಉಳಿದದ್ದೆಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಬಹಳಷ್ಟು ಔಷಧಗಳಲ್ಲಿ ಈ ವ್ಯತ್ಯಾಸ ಬಾಧಕವಲ್ಲ. ಹಿತಕ್ಕೂ ಅಹಿತಕ್ಕೂ ನಡುವೆ ವಿಶಾಲವಾದ ಬಯಲಿರುತ್ತದೆ. ಫೆನಿಟಾಯಿನ್ ಹಾಗಲ್ಲ. ಅದು ಗದ್ದೆಯ ಬದುವಿನ ಮೇಲಿನ ನಡಿಗೆ. ಸಾಮಾನ್ಯವಾಗಿ ಮಟ್ಟವು 20 ದಾಟಿದರೆ ಕಣ್ಣುಗುಡ್ಡೆ ಅದುರತೊಡಗುತ್ತದೆ, 30 ದಾಟಿದರೆ ನಡಿಗೆ ತಪ್ಪುತ್ತದೆ, 40 ದಾಟಿದರೆ ಮಂಕು ಕವಿಯುತ್ತದೆ. 10ಕ್ಕಿಂತ ಕಡಿಮೆಯಾದರೆ ಅನೇಕರಲ್ಲಿ ಮೂರ್ಛೆ ಮರುಕಳಿಸುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆರೆಯ ತೂಬನ್ನು ನೆನೆಯಿರಿ. ತೂಬಿನ ಕಂಡಿ ಹಿಡಿಸುವಷ್ಟೇ ನೀರು ಹೊರಗೆ ಹೋಗುತ್ತದೆ. ಒಳಬರುವ ನೀರು ಅದಕ್ಕಿಂತ ಬಹಳ ಕಡಿಮೆಯಿರುವ ತನಕ ಕೆರೆಯ ಮಟ್ಟ ಹೆಚ್ಚೇನೂ ಏರುವುದಿಲ್ಲ. ಒಳಹರಿವು ತೂಬಿನ ಶಕ್ತಿಯ ಅಂಚಿಗೆ ಬಂದಾಗ, ಒಂದು ಸಣ್ಣ ಹಳ್ಳ ಬಂದು ಸೇರಿದರೂ ನೀರು ಸರಸರನೆ ಏರಿ ಕಟ್ಟೆಗೆ ಬರುತ್ತದೆ. ಫೆನಿಟಾಯಿನ್ ಅನ್ನು ಕಳೆಯುವ ಯಕೃತ್ತಿನ ಕಿಣ್ವಗಳು ಇಂತಹ ತೂಬು. ಆ ಹುಡುಗನ ರಕ್ತದಲ್ಲಿ 200 ಮಿಲಿಗ್ರಾಂ ಪ್ರಮಾಣಕ್ಕೆ ಮಟ್ಟವು ಸುಮಾರು 9 ಇದ್ದಿರಬೇಕೆಂದು ವೈದ್ಯರು ಅನಂತರ ಲೆಕ್ಕಹಾಕಿ ಹೇಳಿದರು. ಮದ್ದು ಏರಿದ್ದು ಒಂದೂವರೆ ಪಟ್ಟು. ಮಟ್ಟ ಏರಿದ್ದು ಹೆಚ್ಚುಕಡಿಮೆ ನಾಲ್ಕು ಪಟ್ಟು. ಹುಟ್ಟಿನಿಂದಲೇ ಈ ತೂಬು ಕಿರಿದಾಗಿರುವವರೂ ಉಂಟು. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್‌ನಂತಹ ಔಷಧಗಳು ಇದೇ ತೂಬನ್ನು ಮತ್ತಷ್ಟು ಕಟ್ಟುತ್ತವೆ. ಹೊರಗಿನಿಂದ ನೋಡಿ ಇದನ್ನು ತಿಳಿಯುವ ಬಗೆಯಿಲ್ಲ.

ನಮ್ಮ ಹುಡುಗನಿಗೆ ಒದಗಿದ್ದು ಒಂದು ಇಡೀ ನಗರಕ್ಕೂ ಒದಗಿದ್ದುಂಟು. ಆಸ್ಟ್ರೇಲಿಯಾ ದೇಶದ ಬ್ರಿಸ್ಬೇನ್ ನಗರದಲ್ಲಿ 1968ರ ಹೊತ್ತಿಗೆ, ಬಹುಕಾಲದಿಂದ ಫೆನಿಟಾಯಿನ್ ಸೇವಿಸಿ ನೆಮ್ಮದಿಯಾಗಿದ್ದ ಅನೇಕ ರೋಗಿಗಳು ತೂರಾಡತೊಡಗಿದರು. ಪ್ರಮಾಣ ಅದೇ, ಔಷಧ ಅದೇ. ಶೋಧಿಸಿದಾಗ ತಿಳಿದದ್ದು: ಕ್ಯಾಪ್ಸೂಲಿನಲ್ಲಿ ಔಷಧದೊಡನೆ ತುಂಬುವ ನಿರುಪದ್ರವಿ ಪುಡಿಯನ್ನು ಬದಲಾಯಿಸಲಾಗಿತ್ತು. ಮೊದಲು ಇದ್ದದ್ದು ಕ್ಯಾಲ್ಸಿಯಂ ಸಲ್ಫೇಟ್, ಅನಂತರ ಬಂದದ್ದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಹಳೆಯ ಪುಡಿ ಔಷಧದ ಒಂದಂಶವನ್ನು ಕರುಳು ಹೀರದಂತೆ ತಡೆದಿತ್ತು. ಹೊಸ ಪುಡಿ ತಡೆಯಲಿಲ್ಲ. 1970ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ವೃತ್ತಾಂತ ಪ್ರಕಟವಾಯಿತು. ರೋಗಿಗಳ ರಕ್ತದಲ್ಲಿ ಔಷಧವನ್ನು ಅಳೆದದ್ದರಿಂದಲೇ ಕಾರಣ ಹೊರಬಿದ್ದಿತು. ಅಳೆಯದೆ ಇದ್ದಿದ್ದರೆ, ಆ ನಗರದಲ್ಲಿ ಎಷ್ಟು ಜನರಿಗೆ ಯಾವ ಯಾವ ಅಪವಾದಗಳು ಅಂಟಿಕೊಳ್ಳುತ್ತಿದ್ದವೋ!

ಇನ್ನು ಅಳೆಯುವ ವಿಧಾನ. ಇದರ ಮೂಲಪುರುಷನು ಮಿಖಾಯಿಲ್ ತ್ಸ್ವೆತ್ ಎಂಬ ರಷ್ಯಾದ ಸಸ್ಯವಿಜ್ಞಾನಿ. 1903ರಲ್ಲಿ ವಾರ್ಸಾ ನಗರದ ಸಭೆಯೊಂದರಲ್ಲಿ ಅವನು ತನ್ನ ಶೋಧವನ್ನು ವಿವರಿಸಿದನು. ಗಾಜಿನ ಕೊಳವೆಯಲ್ಲಿ ಸುಣ್ಣಕಲ್ಲಿನ ಜಾತಿಯ ಪುಡಿಯನ್ನು ಒತ್ತಿ ತುಂಬಿ, ಹಸುರೆಲೆಯ ಸಾರವನ್ನು ಮೇಲಿನಿಂದ ಹೊಯ್ದು, ದ್ರಾವಕವನ್ನು ಹರಿಯಬಿಟ್ಟರೆ, ಒಂದೇ ಹಸುರಾಗಿ ಕಂಡ ಸಾರವು ಹಳದಿ ಹಸುರುಗಳ ಬೇರೆ ಬೇರೆ ಪಟ್ಟಿಗಳಾಗಿ ಬಿಡಿಸಿಕೊಳ್ಳುತ್ತಿತ್ತು. 1906ರಲ್ಲಿ ಇದಕ್ಕೆ ಅವನು ಬಣ್ಣದ ಬರಹ ಎಂಬ ಅರ್ಥದ ಗ್ರೀಕ್ ಹೆಸರನ್ನಿಟ್ಟನು. ಅವನ ಕಾಲದಲ್ಲಿ ಇದಕ್ಕೆ ಮನ್ನಣೆ ದೊರೆತದ್ದು ಕಡಿಮೆ. 1941ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆಯ ಸಂಶೋಧನಾಲಯದಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಎಂಬವರು ಇದಕ್ಕೆ ಹೊಸ ರೂಪ ಕೊಟ್ಟು, 1952ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇಂದಿನ ಯಂತ್ರಗಳು ಆ ಬಳ್ಳಿಯಲ್ಲಿ ಬಿಟ್ಟ ಕಾಯಿಗಳು.

ರೋಗಿಯ ತೋಳಿನಿಂದ ಕೆಲವು ಮಿಲಿಲೀಟರ್ ರಕ್ತವನ್ನು, ಸಾಮಾನ್ಯವಾಗಿ ಮುಂದಿನ ಮಾತ್ರೆ ನುಂಗುವುದಕ್ಕೆ ಸ್ವಲ್ಪ ಮುಂಚೆ, ತೆಗೆಯುತ್ತಾರೆ. ಹೆಪ್ಪುಗಟ್ಟದಂತೆ ಮಾಡುವ ವಸ್ತುವಿರುವ ನಳಿಗೆಯಲ್ಲಿ ಅದನ್ನು ಹಿಡಿದು, ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿಯ ದ್ರವ ನಿಲ್ಲುತ್ತದೆ. ಇದೇ ಪ್ಲಾಸ್ಮಾ. ರಕ್ತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಇದೇ. ಇದರಲ್ಲಿ ನೀರಿನದೇ ಬಹುಪಾಲು. ಜೊತೆಗೆ ಪ್ರೋಟೀನು, ಕೊಬ್ಬು, ಸಕ್ಕರೆ, ಲವಣಗಳು. ಈ ಸಂತೆಯ ನಡುವೆ ಔಷಧವಿರುವುದು ಲಕ್ಷಕ್ಕೊಂದು ಪಾಲು. 10 ಮೈಕ್ರೊಗ್ರಾಂ ಎಂದರೆ ತೂಕದಲ್ಲಿ ಅಷ್ಟೇ ಆಗುತ್ತದೆ.

ಮುಂದೆ ಪ್ಲಾಸ್ಮಾಕ್ಕೆ ಅಸಿಟೋನೈಟ್ರೈಲ್ ಎಂಬ ದ್ರಾವಕವನ್ನು ಬೆರೆಸುತ್ತಾರೆ. ಹುಳಿ ಬಿದ್ದ ಹಾಲು ಒಡೆಯುವಂತೆ ಪ್ರೋಟೀನುಗಳು ಒಡೆದು ಗಸಿಯಾಗಿ ಇಳಿಯುತ್ತವೆ. ಔಷಧ ತಿಳಿಯಲ್ಲಿ ಉಳಿಯುತ್ತದೆ. ಇದಕ್ಕೆ ಮುಂಚೆಯೇ ಒಂದು ಜಾಣತನ ನಡೆದಿರುತ್ತದೆ. ಔಷಧವನ್ನೇ ಹೋಲುವ, ಆದರೆ ರೋಗಿ ಎಂದೂ ಸೇವಿಸಿರದ ಮತ್ತೊಂದು ವಸ್ತುವನ್ನು ತೂಕಮಾಡಿ ಅದರಲ್ಲಿ ಸೇರಿಸಿರುತ್ತಾರೆ. ಸೋಸುವಾಗ, ಸುರಿಯುವಾಗ ಔಷಧ ಒಂದಿಷ್ಟು ನಷ್ಟವಾದರೆ ಈ ಸಂಗಾತಿಯೂ ಅದೇ ಲೆಕ್ಕದಲ್ಲಿ ನಷ್ಟವಾಗುತ್ತದೆ. ಕೊನೆಯಲ್ಲಿ ಇವೆರಡರ ಅನುಪಾತ ನೋಡಿದರೆ ದಾರಿಯ ನಷ್ಟ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಊರ ಜಾತ್ರೆಗೆ ಮಗುವನ್ನು ಕಳುಹುವಾಗ ಜೊತೆಗೊಬ್ಬ ನಂಬಿಕೆಯ ಆಳನ್ನು ಕಳುಹಿಸಿದ ಹಾಗೆ.

ಜಾತ್ರೆಯ ಮಾತು ಬಂದಿತು. ಯಂತ್ರದ ಮರ್ಮವೂ ಜಾತ್ರೆಯಲ್ಲೇ ಇದೆ. ಉಕ್ಕಿನ ಒಂದು ಕೊಳವೆ; ಉದ್ದ ಸುಮಾರು ಗೇಣು, ಒಳಗಿನ ಅಗಲ 4.6 ಮಿಲಿಮೀಟರ್. ಅದರೊಳಗೆ ಮಿಲಿಮೀಟರಿನ 200ನೆಯ ಒಂದು ಪಾಲಿನಷ್ಟು ಸಣ್ಣ ಸಿಲಿಕಾ ಕಣಗಳನ್ನು ಒತ್ತಿ ತುಂಬಿರುತ್ತಾರೆ. ಪ್ರತಿ ಕಣದ ಮೈಮೇಲೆ ಎಣ್ಣೆಯ ಸ್ವಭಾವದ ಇಂಗಾಲದ ಎಳೆಗಳಿರುತ್ತವೆ. ವಾತಾವರಣದ ಒತ್ತಡದ ನೂರಾರು ಪಟ್ಟು ಒತ್ತಡದಿಂದ ಪಂಪು ಇದರೊಳಗೆ ದ್ರಾವಕವನ್ನು ನೂಕುತ್ತಿರುತ್ತದೆ. ತಿಳಿಯ ಒಂದು ಹನಿಗಿಂತ ಕಡಿಮೆಯಾದಷ್ಟನ್ನು ಈ ಪ್ರವಾಹಕ್ಕೆ ಸೇರಿಸುತ್ತಾರೆ. ರಥಬೀದಿಯ ಒಂದು ತುದಿಯಿಂದ ಹಲವರು ಒಟ್ಟಿಗೆ ಹೊರಟರೆಂದು ಭಾವಿಸಿರಿ. ಅಂಗಡಿಗಳ ಮೋಹವಿಲ್ಲದವರು ನೇರವಾಗಿ ನಡೆದು ಮೊದಲು ಮುಟ್ಟುತ್ತಾರೆ. ಮೋಹವಿದ್ದವರು ಪ್ರತಿ ಅಂಗಡಿಯ ಮುಂದೆ ನಿಂತು ನಿಂತು ತಡವಾಗಿ ಬರುತ್ತಾರೆ. ನೀರನ್ನು ಮೆಚ್ಚುವ ಕಣಗಳು ಬೇಗ ಹೊರಬರುತ್ತವೆ, ಎಣ್ಣೆಯನ್ನು ಮೆಚ್ಚುವವು ನಿಧಾನವಾಗಿ ಬರುತ್ತವೆ. ನಿಯಮ ಬದಲಾಗದಿದ್ದರೆ ಒಂದೊಂದು ವಸ್ತುವೂ ಪ್ರತಿ ಸಲ ತನ್ನ ಗೊತ್ತಾದ ನಿಮಿಷಕ್ಕೇ ಹೊರಬರುತ್ತದೆ.

ಬೀದಿಯ ಕೊನೆಯಲ್ಲಿ ಕಾವಲುಗಾರನಂತೆ ಒಂದು ನೇರಳಾತೀತ ದೀಪವಿರುತ್ತದೆ. ಔಷಧ ಹಾದುಹೋಗುವಾಗ ಆ ಬೆಳಕನ್ನು ನುಂಗುತ್ತದೆ. ಪರದೆಯ ಮೇಲೆ ಸಮನಾದ ಗೆರೆಯೊಂದು ಗೋಪುರದಂತೆ ಮೇಲೆದ್ದು ಇಳಿಯುತ್ತದೆ. ಗೋಪುರದ ವಿಸ್ತಾರವೇ ಔಷಧದ ಮೊತ್ತ. ಔಷಧವಿಲ್ಲದ ಪ್ಲಾಸ್ಮಾಕ್ಕೆ ತಿಳಿದ ತೂಕದ ಔಷಧ ಸೇರಿಸಿ ಮೊದಲೇ ಪಡೆದ ಗೋಪುರಗಳೊಡನೆ ಇದನ್ನು ಹೋಲಿಸಿ ಅಂಕಿಯನ್ನು ನಿರ್ಣಯಿಸುತ್ತಾರೆ. ದೀಪದ ಬದಲು ಕಣದ ತೂಕವನ್ನೇ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರೆ, ನೂರು ಕೋಟಿಗೊಂದು ಪಾಲಿನಷ್ಟು ಔಷಧವನ್ನೂ ಗುರುತಿಸಬಹುದು.

ಯಂತ್ರ ಹೇಳಿದ್ದೆಲ್ಲ ಸತ್ಯವೆಂದು ಇದರ ಬಲ್ಲವರು ನಂಬುವುದಿಲ್ಲ. ಇದು ನಮಗೆ ಬಹಳ ಹಿಡಿಸಿದ ಸಂಗತಿ. ಹೊಸ ಔಷಧಗಳ ಪರೀಕ್ಷೆಯಲ್ಲಿ ಇಂತಹ ಅಳತೆಯ ವಿಧಾನ ಹೇಗಿರಬೇಕೆಂದು 2022ರಲ್ಲಿ ಒಂದು ಅಂತಾರಾಷ್ಟ್ರೀಯ ನಿಯಮಾವಳಿಯೇ ಅಂಗೀಕೃತವಾಯಿತು. ಗೊತ್ತಿರುವ ತೂಕವನ್ನು ಅಳೆದಾಗ ಉತ್ತರವು ನೂರಕ್ಕೆ 15ಕ್ಕಿಂತ ಹೆಚ್ಚು ಆಚೀಚೆ ಹೋಗಕೂಡದು. ಅಳೆಯಬಲ್ಲ ಕನಿಷ್ಠ ಮಟ್ಟದಲ್ಲಿ ಮಾತ್ರ 20ರವರೆಗೆ ಸೈರಣೆ. ದಿನದಿನವೂ ರೋಗಿಯ ರಕ್ತದ ಜೊತೆಗೆ ಗೊತ್ತಿರುವ ಮಾದರಿಗಳನ್ನೂ ಓಡಿಸಿ, ತಮ್ಮ ಯಂತ್ರವನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳುತ್ತಾರೆ. ಇತರರ ಮೇಲೆ ತೀರ್ಪು ಕೊಡುವ ಮುನ್ನ ತನ್ನನ್ನು ತಾನು ಅಳೆದುಕೊಳ್ಳುವ ಈ ಶೀಲ ಅಂದು ನಮ್ಮಲ್ಲಿ ಇರಬೇಕಾಗಿತ್ತು.

ಅಂಕಿಗೂ ತನ್ನ ಮೇರೆಯುಂಟು. ಪ್ಲಾಸ್ಮಾದಲ್ಲಿರುವ ಫೆನಿಟಾಯಿನ್‌ನ ನೂರಕ್ಕೆ ಸುಮಾರು 90 ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ; ಕೆಲಸ ಮಾಡುವುದು ಬಿಡಿಯಾಗಿರುವ 10 ಪಾಲು ಮಾತ್ರ. ಅಪೌಷ್ಟಿಕತೆಯಿಂದಲೋ ಯಕೃತ್ತು ಮೂತ್ರಪಿಂಡಗಳ ಕಾಯಿಲೆಯಿಂದಲೋ ಆಲ್ಬುಮಿನ್ ಇಳಿದಿದ್ದರೆ, ಒಟ್ಟು ಅಂಕಿ ಹಿತವಾಗಿ ಕಂಡರೂ ಬಿಡಿಯಾದ ಔಷಧ ಹೆಚ್ಚಾಗಿರಬಹುದು. ಆದ್ದರಿಂದ ನುರಿತ ವೈದ್ಯರು ಅಂಕಿಯನ್ನೂ ನೋಡುತ್ತಾರೆ, ರೋಗಿಯನ್ನೂ ನೋಡುತ್ತಾರೆ. ಅನೇಕ ಆಸ್ಪತ್ರೆಗಳಲ್ಲಿ ಪ್ರತಿಕಾಯಗಳ ನೆರವಿನಿಂದ ಬೇಗನೆ ಅಳೆಯುವ ಬೇರೆ ವಿಧಾನವೂ ರೂಢಿಯಲ್ಲಿದೆ. ಹಲವು ಔಷಧಗಳನ್ನು ಒಂದರಿಂದೊಂದು ಬಿಡಿಸಿ ಅಳೆಯಬೇಕಾದೆಡೆ ವರ್ಣಲೇಖನವೇ ನೆರವಿಗೆ ಬರುತ್ತದೆ.

ಈ ವಿದ್ಯೆ ನಮ್ಮ ಮನೆಗಳಿಗೆ ದೂರದ್ದಲ್ಲ. ಸುತ್ತೂರು ಶ್ರೀಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿಯೂ ಉದಕಮಂಡಲದಲ್ಲಿಯೂ ಔಷಧವಿಜ್ಞಾನದ ಕಾಲೇಜುಗಳನ್ನು ನಡೆಸುತ್ತಿದೆ. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆಯೂ ಇದೇ ಶಿಕ್ಷಣ ಕೊಡುತ್ತಿದೆ. ಫಾರ್ಮಸಿ ಓದುವ ಮಗಳನ್ನು ಕುರಿತು, ಮಾತ್ರೆ ಮಾರುವುದಕ್ಕೆ ಇಷ್ಟು ಓದು ಬೇಕೆ ಎಂದು ಕೇಳುವ ಹಿರಿಯರನ್ನು ನಾವು ಕಂಡಿದ್ದೇವೆ. ಇಂತಹ ಅಳತೆಯ ವಿಧಾನಗಳನ್ನು ಕಲಿಯುವುದೂ ಆ ಓದಿನ ಭಾಗವೆಂದು ಅವರು ತಿಳಿಯಲಿ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೃತ್ತಿಯೇ ಕಾಯಕವಾಗಿತ್ತು. ಪ್ರಯೋಗಾಲಯದಲ್ಲಿ ನಿಂತು, ಮುಖವನ್ನೇ ಕಾಣದ ರೋಗಿಯ ನೆತ್ತರನ್ನು ಸುಳ್ಳಿಲ್ಲದೆ ಅಳೆದುಕೊಡುವವರದೂ ಅದೇ ಪಂಕ್ತಿಯ ಕಾಯಕವೆಂದು ನಮ್ಮ ಭಾವನೆ.

ಈಗ ಗೃಹಸ್ಥರಿಗೆ ಕೆಲವು ಮಾತು. ಮೂರ್ಛೆರೋಗದ ಮಾತ್ರೆಯನ್ನು ಗುಣವಾಯಿತೆಂದು ತಾವಾಗಿ ನಿಲ್ಲಿಸಬಾರದು. ಮರೆತ ದಿನದ್ದನ್ನು ಮರುದಿನ ಎರಡು ಮಾಡಿ ನುಂಗಲೂಬಾರದು. ಮರೆತಾಗ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರಿಗೆ ತಿಳಿಸಬೇಕು. ಅಗ್ಗದ ಮಾತ್ರೆಯೆಂದರೆ ಕಳಪೆಯೆಂದಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಹೊಸ ತಯಾರಿಕೆಗಳು ಮೂಲ ಔಷಧದಷ್ಟೇ ರಕ್ತಕ್ಕೆ ಸೇರುತ್ತವೆಂದು ತೋರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿಯೂ 2017ರಲ್ಲಿ ಬಂದಿದೆ. ಆದರೂ ಬದುವಿನ ಮೇಲೆ ನಡೆಯುವವನು ಚಪ್ಪಲಿ ಬದಲಿಸುವಾಗ ಎಚ್ಚರವಾಗಿರುವುದು ಲೇಸು. ಕ್ಷಯ, ಸಕ್ಕರೆಕಾಯಿಲೆ ಮೊದಲಾದ ಬೇರೆ ಔಷಧಗಳಿದ್ದರೆ, ನಾಟಿಮದ್ದು ಸೇವಿಸುತ್ತಿದ್ದರೆ, ಅದನ್ನೂ ಮರೆಮಾಚಬಾರದು. ರಕ್ತ ಕೊಡುವಾಗ ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ಸರಿಯಾಗಿ ಹೇಳಬೇಕು. ಹೊತ್ತು ತಪ್ಪಿದರೆ ಅಂಕಿಯ ಅರ್ಥವೂ ತಪ್ಪುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವೆಂದು ಮಾತ್ರೆ ಬಿಡುವವರಿದ್ದಾರೆ; ಲಿಂಗಪೂಜೆ ಮುಗಿಯುವ ತನಕ ಹನಿ ನೀರನ್ನೂ ಮುಟ್ಟದೆ, ಹೊತ್ತು ಮೀರಿಸಿ ನುಂಗುವವರಿದ್ದಾರೆ. ವ್ರತದ ದಿನ ಮಾತ್ರೆ ಬಿಟ್ಟ ಗೃಹಿಣಿ ಒಲೆಯ ಮುಂದೆ ಮೂರ್ಛೆ ಹೋದರೆ ಅದು ಯಾವ ಪುಣ್ಯ? ಹೊತ್ತಿಗೆ ಸರಿಯಾಗಿ ಮದ್ದು ಸೇವಿಸಿದರೆ ವ್ರತಭಂಗವಿಲ್ಲ. ದೇಹವನ್ನೇ ದೇಗುಲವೆಂದು ಭಾವಿಸಿದ ಪರಂಪರೆ ನಮ್ಮದು. ಆ ದೇಗುಲದ ದೀಪ ಆರದಂತೆ ಎಣ್ಣೆ ಎರೆಯುವುದೂ ಪೂಜೆಯ ಅಂಗವೇ. ಈ ಕಾಯಿಲೆಯನ್ನು ದೆವ್ವವೆಂದೂ ಪಾಪವೆಂದೂ ಬಗೆದು, ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮುಚ್ಚಿಡುವ, ಮುಚ್ಚಿಡುವುದಕ್ಕಾಗಿಯೇ ಮದ್ದು ಬಿಡಿಸುವ ಮನೆಗಳೂ ಉಂಟು. ಇದು ಮೆದುಳಿನ ಕಾಯಿಲೆ. ಮದ್ದಿನಿಂದ ಹತೋಟಿಗೆ ಬರುತ್ತದೆ. ಬಹುಮಂದಿ ಓದಿ, ದುಡಿದು, ಸಂಸಾರ ನಡೆಸುತ್ತಿದ್ದಾರೆ.

ಆ ಬಾಲಕನಿಗೆ ಎರಡು ದಿನ ಔಷಧ ನಿಲ್ಲಿಸಿ, ಅನಂತರ ದಿನಕ್ಕೆ 250 ಮಿಲಿಗ್ರಾಂ ಮಾಡಿದರು. ಮೂರು ವಾರದ ಬಳಿಕ ಅಳೆದಾಗ ಅಂಕಿ 16ಕ್ಕೆ ನಿಂತಿತ್ತು. ಮೂರ್ಛೆಯೂ ಬರಲಿಲ್ಲ, ತೂಕಡಿಕೆಯೂ ಉಳಿಯಲಿಲ್ಲ. ಮಠಕ್ಕೆ ಮರಳಿದ ದಿನ ಸಂಜೆಯ ಪ್ರಾರ್ಥನೆಯಲ್ಲಿ, ಯಾವ ಮಕ್ಕಳ ಎದುರಿಗೆ ಅವನನ್ನು ಗದರಿಸಿದ್ದೆವೋ ಅದೇ ಮಕ್ಕಳ ಎದುರಿಗೆ ನಾವು ಅವನ ಕ್ಷಮೆ ಕೇಳಿದೆವು. ಅವನು ತಲೆ ತಗ್ಗಿಸಿಯೇ ನಿಂತಿದ್ದನು. ಅವನ ತಾಯಿ, “ಇರಲಿ ಬುದ್ಧೀ, ನಿಮಗಾದರೂ ಹೇಗೆ ತಿಳಿಯಬೇಕು” ಎಂದಳು. ತಿಳಿಯುವ ದಾರಿಯಿತ್ತು, ತಾಯಿ ಒಮ್ಮೆ ನೋಡಿ ಕಂಡುಕೊಂಡದ್ದನ್ನು ನಾವು ಮೂರು ವಾರ ನೋಡಿಯೂ ಕಾಣಲಿಲ್ಲ ಎಂದು ನಾವು ಹೇಳಬೇಕಾಗಿತ್ತು. ಅಂದು ಬಾಯಿ ಬರಲಿಲ್ಲ. ಈ ಪುಟದಲ್ಲಿ ಈಗ ಹೇಳಿದ್ದೇವೆ.

ಮನೆಯಲ್ಲಿ ಮದ್ದು ಸೇವಿಸುವ ಒಬ್ಬರು ಇದ್ದಕ್ಕಿದ್ದಂತೆ ಮಂಕಾದರೆ, ತಡವರಿಸಿದರೆ, ಸೋಮಾರಿಯೆಂದೋ ನಾಟಕವೆಂದೋ ಕುಡುಕನೆಂದೋ ನಾಲಗೆ ಹರಿಯಬಿಡುವ ಮುನ್ನ ಅವರ ಕಣ್ಣುಗಳನ್ನು ಬೆಳಕಿನಲ್ಲಿ ನೋಡಿರಿ. ವೈದ್ಯರ ಬಳಿಗೆ ಕರೆದೊಯ್ದು, ರಕ್ತದಲ್ಲಿ ಮದ್ದಿನ ಮಟ್ಟ ಅಳೆಯಿಸಬೇಕೇ ಎಂದು ಕೇಳಿರಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಮದ್ದಿಗೆ ಸಲ್ಲುವಷ್ಟೇ ಮಾತಿಗೂ ಸಲ್ಲುತ್ತದೆ. ರಕ್ತದಲ್ಲಿ ಹೆಚ್ಚಾದ ಮದ್ದು ನಾಲ್ಕು ದಿನದಲ್ಲಿ ಇಳಿದುಹೋಗುತ್ತದೆ. ಎಳೆಯ ಮನಸ್ಸಿಗೆ ತಾಗಿದ ಮಾತು ಯಾವಾಗ ಇಳಿಯುತ್ತದೆಂದು ಅಳೆಯುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ.